ಹಿಮದ ಹಾದಿಗೆ ಸುಂಕ: ಯಾರು ಕಟ್ಟಬೇಕು?

ಚಳಿಗಾಲ ಬಾಗಿಲಿಗೆ ಬರುತ್ತಿದ್ದಂತೆ ಕೆನಡಾ, ಅಮೆರಿಕದ ಓದುಗರಿಂದ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಬಂಡಿಯ (ಸವಾರರ ಮಾತಿನಲ್ಲಿ ಸ್ಲೆಡ್) ಬಗ್ಗೆ ಪತ್ರಗಳು ಬರತೊಡಗಿವೆ. ಯಂತ್ರದ ಬಗ್ಗೆ ಕೇಳಿದವರು ಕಡಿಮೆ, ಹಾದಿಗೆ ಕಟ್ಟುವ ಕಡ್ಡಾಯ ಪರ್ಮಿಟ್ ಹಣದ ಬಗ್ಗೆ ಗೊಣಗಿದವರೇ ಹೆಚ್ಚು. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಸ್ಲೆಡ್ ನೋಂದಣಿಗೆ ಹಣ ಕಟ್ಟಿದ್ದೇನೆ, ವಿಮೆಗೆ ಕಟ್ಟಿದ್ದೇನೆ, ಪೆಟ್ರೋಲ್ ಮೇಲೆ ತೆರಿಗೆಯನ್ನೂ ಕೊಡುತ್ತೇನೆ. ಇಷ್ಟಾದ ಮೇಲೂ ಹಾದಿಗೆ ಬೇರೆ ಪರ್ಮಿಟ್ ಎಂದರೆ ಹಗಲು ದರೋಡೆಯಲ್ಲವೇ?
— ಬ್ರಾಂಪ್ಟನ್, ಒಂಟಾರಿಯೊ

ಉತ್ತರ: ನೋಂದಣಿ ಹಣ ಪ್ರಾಂತ್ಯದ ಸರ್ಕಾರಕ್ಕೆ ಹೋಗುತ್ತದೆ, ವಿಮೆಯದು ಕಂಪನಿಗೆ. ಹಾದಿಯನ್ನು ಸಿದ್ಧಮಾಡುವವರ ಕೈಗೆ ನೇರವಾಗಿ ಸೇರುವುದು ಪರ್ಮಿಟ್ ಹಣ ಮಾತ್ರ. ಒಂಟಾರಿಯೊದಲ್ಲಿ ಆ ಕೆಲಸ ಮಾಡುವುದು ಸರ್ಕಾರವಲ್ಲ, ಊರೂರಿನ ಸ್ನೋಮೊಬೈಲ್ ಕ್ಲಬ್ಬುಗಳು. ಅವುಗಳ ಒಕ್ಕೂಟ 1966ರಲ್ಲಿ ಶುರುವಾಯಿತು. ಸುಮಾರು 30,000 ಕಿಲೋಮೀಟರ್ ಹಾದಿ ಅದರ ವಶದಲ್ಲಿದೆ.

ಪರ್ಮಿಟ್ ಮೊದಲೂ ಇತ್ತು, ಆದರೆ ಅದರ ಹಿಂದೆ ಕಾನೂನಿನ ಬಲ ಇರಲಿಲ್ಲ. ಕೊಳ್ಳದೆ ಓಡಿಸುವವನನ್ನು ಹೆಚ್ಚೆಂದರೆ ಅತಿಕ್ರಮ ಪ್ರವೇಶದ ಹೆಸರಿನಲ್ಲಿ ಹಿಡಿಯಬಹುದಿತ್ತು. 2001ರಲ್ಲಿ ಹಿಮವಾಹನ ಕಾಯ್ದೆಗೆ ತಿದ್ದುಪಡಿ ಬಂದು, ಗೊತ್ತುಪಡಿಸಿದ ಹಾದಿಗಳಲ್ಲಿ ಪರ್ಮಿಟ್ ಕಡ್ಡಾಯವಾಯಿತು. ಈ ತಿದ್ದುಪಡಿ ಬೇಕೆಂದು ಕೇಳಿದವರಲ್ಲಿ ಕ್ಲಬ್ಬಿನವರೇ ಮುಂದಿದ್ದರು. ಹತ್ತು ಜನ ಓಡಿಸಿ ಆರು ಜನ ಹಣ ಕೊಟ್ಟರೆ, ಉಳಿದ ನಾಲ್ವರ ಪಾಲೂ ಆ ಆರು ಜನರ ತಲೆಗೇ ಬೀಳುತ್ತದೆ. ಹಾಗಾಗಿ ಕಡ್ಡಾಯ ಮಾಡಿದ್ದು ತಪ್ಪು ಎನ್ನಲಾರೆವು. ತಕರಾರು ಇರಬೇಕಾದದ್ದು ಬೇರೆ ಕಡೆ: ನಿಮ್ಮ ಜಿಲ್ಲೆಯಲ್ಲಿ ಮಾರಿದ ಪರ್ಮಿಟ್ ಹಣದಲ್ಲಿ ಎಷ್ಟು ಭಾಗ ನಿಮ್ಮ ಜಿಲ್ಲೆಯ ಹಾದಿಗೇ ಮರಳುತ್ತದೆ? ಕ್ಲಬ್ಬಿನ ವಾರ್ಷಿಕ ಸಭೆಗೆ ಹೋಗಿ ಆ ಲೆಕ್ಕ ಕೇಳಿ.

ಇಷ್ಟರ ಜೊತೆಗೆ ಒಂದು ಉಳಿತಾಯದ ಮಾತು. ಪರ್ಮಿಟ್ ಬೆಲೆ ಮೂರು ಹಂತದಲ್ಲಿ ಏರುತ್ತದೆ. ನವೆಂಬರ್ 1ಕ್ಕೆ ಮೊದಲು ಅತಿ ಅಗ್ಗ, ಡಿಸೆಂಬರ್ 1ರವರೆಗೆ ನಡುವಿನ ದರ, ಆಮೇಲೆ ಪೂರ್ತಿ ದರ. ಹಿಮ ಬೀಳಲಿ, ನೋಡೋಣ ಎಂದು ಕಾಯುವವರು ಸಾಮಾನ್ಯವಾಗಿ ಪೂರ್ತಿ ದರವನ್ನೇ ತೆರುತ್ತಾರೆ. 1999 ಮತ್ತು ಅದಕ್ಕೂ ಹಳೆಯ ಮಾದರಿಗಳಿಗೆ ಬೇರೆಯೇ ಕಡಿಮೆ ದರ ಉಂಟು.

ಪ್ರಶ್ನೆ: ಹಿಮ ಆಕಾಶದಿಂದ ಪುಕ್ಕಟೆ ಬೀಳುತ್ತದೆ. ಅದನ್ನು ತಟ್ಟಿ ಸಮ ಮಾಡುವುದಕ್ಕೆ ಅಷ್ಟೊಂದು ಖರ್ಚು ಹೇಗೆ? ಸ್ವಲ್ಪ ಬಿಡಿಸಿ ಹೇಳಿ.
— ಗ್ರ್ಯಾಂಡ್ ರ್ಯಾಪಿಡ್ಸ್, ಮಿಷಿಗನ್

ಉತ್ತರ: ತಟ್ಟುವುದಷ್ಟೇ ಆಗಿದ್ದರೆ ನೀವು ಹೇಳಿದ್ದೇ ಸರಿ. ಮಣ್ಣಿನ ರಸ್ತೆಯಲ್ಲಿ ಬಸ್ಸು ಓಡಿ ಓಡಿ ಸಾಲು ಸಾಲು ಉಬ್ಬು ಏಳುವುದನ್ನು ನೋಡಿರುತ್ತೀರಿ. ಹಿಮದ ಹಾದಿಯಲ್ಲೂ ಅದೇ ನಡೆಯುತ್ತದೆ, ಆದರೆ ಬೇಗ ನಡೆಯುತ್ತದೆ. ಸ್ಲೆಡ್ಡಿನಡಿ ಸುತ್ತುವ ರಬ್ಬರ್ ಪಟ್ಟಿ ವೇಗ ಹೆಚ್ಚಿಸುವಾಗ ಹಿಮವನ್ನು ಹಿಂದಕ್ಕೆ ಎರಚುತ್ತದೆ, ಬ್ರೇಕ್ ಹಾಕುವಾಗ ಮುಂದಕ್ಕೆ ತಳ್ಳುತ್ತದೆ. ಒಂದು ಸಣ್ಣ ಉಬ್ಬು ಎದ್ದರೆ ಸಾಕು. ಹಿಂದೆ ಬರುವ ಪ್ರತಿ ಸ್ಲೆಡ್ಡೂ ಅದರ ಮೇಲೆ ಹಾರಿ, ಇಳಿಯುವ ಜಾಗದಲ್ಲಿ ಇನ್ನಷ್ಟು ಅಗೆಯುತ್ತದೆ. ಜನಸಂದಣಿಯ ಶನಿವಾರ ಮುಗಿಯುವ ಹೊತ್ತಿಗೆ ಕೆಲವು ತಿರುವುಗಳಲ್ಲಿ ಅರ್ಧ ಅಡಿ, ಒಂದು ಅಡಿ ಗುಂಡಿಗಳು.

ಇದನ್ನು ಸರಿಪಡಿಸುವುದು ಗ್ರೂಮರ್. ಮುಂದೆ ಪಟ್ಟಿ ಚಕ್ರದ ಏಳೆಂಟು ಟನ್ ತೂಕದ ಟ್ರ್ಯಾಕ್ಟರ್, ಹಿಂದೆ ಇಪ್ಪತ್ತಕ್ಕೂ ಹೆಚ್ಚು ಅಡಿ ಉದ್ದದ ಡ್ರ್ಯಾಗ್. ನಮ್ಮ ರೈತರಿಗೆ ಹೇಳುವುದಾದರೆ, ಡ್ರ್ಯಾಗಿನ ಮುಂಭಾಗ ಕುಂಟೆ, ಹಿಂಭಾಗ ಕೊರಡು. ಓರೆಯಾಗಿ ಜೋಡಿಸಿದ ಬ್ಲೇಡುಗಳು ಉಬ್ಬನ್ನು ಬುಡಸಮೇತ ಕತ್ತರಿಸಿ, ಹಿಮವನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಪುಡಿಮಾಡುತ್ತವೆ. ಕೊನೆಯಲ್ಲಿರುವ ಅಗಲ ತಟ್ಟೆ ಅದನ್ನು ಒತ್ತಿ ಹಾಸುತ್ತದೆ. ಡ್ರ್ಯಾಗ್ ಅಷ್ಟು ಉದ್ದ ಇರುವುದು ಯಾಕೆಂದರೆ, ಗಿಡ್ಡದಾದರೆ ಅದೂ ಉಬ್ಬಿನ ಮೇಲೆ ಹತ್ತಿ ಇಳಿಯುತ್ತದೆ; ಉದ್ದವಿದ್ದರೆ ಎರಡು ಮೂರು ಉಬ್ಬುಗಳ ಮೇಲೆ ಸೇತುವೆಯಂತೆ ಕೂತು ಕತ್ತರಿಸುತ್ತದೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಚಾಲಕ ಬ್ಲೇಡನ್ನು ಮೇಲಿಟ್ಟು ಉಬ್ಬಿನ ತಲೆ ಮಾತ್ರ ಹೆರೆದು ಗುಂಡಿಗೆ ಸಡಿಲ ಹಿಮ ತುಂಬಿದರೆ, ಬೆಳಗ್ಗೆ ನೋಡಲು ನುಣುಪು, ಮಧ್ಯಾಹ್ನಕ್ಕೆ ಅದೇ ಜಾಗದಲ್ಲಿ ಅದೇ ಉಬ್ಬು. ಗಂಟೆಗೆ 7–8 ಮೈಲಿಗಿಂತ ಜೋರಾಗಿ ಓಡಿಸಿದರೆ ಬ್ಲೇಡು ಕುಣಿಯುತ್ತದೆ, ಪುಡಿಯಾಗಬೇಕಾದ ಹಿಮ ಹೆಂಟೆಹೆಂಟೆಯಾಗಿ ಉಳಿಯುತ್ತದೆ. ಮೂರನೆಯದು ಹೊತ್ತು. ಪುಡಿಯಾದ ಹಿಮದ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗಲು ಕೆಲವು ಗಂಟೆ ಬೇಕು, ಚಳಿ ಏರುತ್ತಲೂ ಇರಬೇಕು. ಅದಕ್ಕೇ ಈ ಕೆಲಸ ರಾತ್ರಿ ನಡೆಯುವುದು. ಗ್ರೂಮರ್ ಹೋದ ಹತ್ತೇ ನಿಮಿಷಕ್ಕೆ ಹಿಂದೆಯೇ ಹತ್ತು ಸ್ಲೆಡ್ ಓಡಿದರೆ ಆ ಬೆಸುಗೆ ಕೂಡುವುದೇ ಇಲ್ಲ, ರಾತ್ರಿಯ ಡೀಸೆಲ್ ನೀರುಪಾಲು.

ಈಗ ಲೆಕ್ಕ. ಇದು ಉದಾಹರಣೆಗೆ ಹಾಕಿದ್ದು, ಯಾವ ಕ್ಲಬ್ಬಿನದೂ ಅಲ್ಲ. 60 ಮೈಲಿ ಹಾದಿ, ಗಂಟೆಗೆ 8 ಮೈಲಿಯಂತೆ ಏಳೂವರೆ ಗಂಟೆ. ಗಂಟೆಗೆ 6 ಗ್ಯಾಲನ್ ಡೀಸೆಲ್ ಎಂದರೆ 45 ಗ್ಯಾಲನ್, 4 ಡಾಲರಿನಂತೆ 180 ಡಾಲರ್. ವಾರಕ್ಕೆ ಎರಡು ಸಲ, ಹತ್ತು ವಾರ: 3,600. ಚಾಲಕನಿಗೆ ಗಂಟೆಗೆ 20 ಕೊಟ್ಟರೆ 3,000. ಇಲ್ಲಿಯವರೆಗೆ ಸಣ್ಣ ಮೊತ್ತವೇ. ಆದರೆ ಹೊಸ ಗ್ರೂಮರ್ ಡ್ರ್ಯಾಗ್ ಸಮೇತ ಮೂರು ಲಕ್ಷ ಡಾಲರ್ ಎಂದಿಟ್ಟುಕೊಂಡು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 30,000. ಬ್ಲೇಡಿನ ಅಂಚು, ಹೈಡ್ರಾಲಿಕ್ ಪೈಪು, ರಬ್ಬರ್ ಪಟ್ಟಿ, ವಿಮೆ ಸೇರಿಸಿದರೆ ಒಟ್ಟು 42,000 ದಾಟುತ್ತದೆ. ಮಿಷಿಗನ್ನಿನಲ್ಲಿ ಇತ್ತೀಚಿನ ವರ್ಷಗಳ ವಾರ್ಷಿಕ ಪರ್ಮಿಟ್ ದರ 52 ಡಾಲರ್. ಅಂದರೆ 60 ಮೈಲಿಗೇ 800ಕ್ಕೂ ಹೆಚ್ಚು ಪರ್ಮಿಟ್ ಬೇಕಾಯಿತು. ಒಂದೇ ಯಂತ್ರವನ್ನು ಎರಡು ಪಾಳಿಯಲ್ಲಿ ಓಡಿಸಿ ಹೆಚ್ಚು ಮೈಲಿ ಮುಗಿಸಿದಾಗಲೇ ಈ ಲೆಕ್ಕ ಹದಕ್ಕೆ ಬರುವುದು.

ಹಿಮ ಬೀಳುವ ಮುಂಚಿನ ಕೆಲಸ ಇದರಲ್ಲಿ ಸೇರಿಲ್ಲ. ಶರತ್ಕಾಲದಲ್ಲಿ ಕೊಂಬೆ ಕಡಿಯುವುದು, ಸೇತುವೆಯ ಹಲಗೆ ಬದಲಿಸುವುದು, ಫಲಕ ನೆಡುವುದು ಬಹುಪಾಲು ಸ್ವಯಂಸೇವಕರ ಬೆವರು. ಮೊದಲ ಹಿಮ ಬಿದ್ದ ಕೂಡಲೇ ಜೌಗು ನೆಲದ ಮೇಲೆ ಹಗುರ ಯಂತ್ರ ಓಡಿಸಿ ಒತ್ತುತ್ತಾರೆ. ಸಡಿಲ ಹಿಮ ಕಂಬಳಿಯಂತೆ ನೆಲವನ್ನು ಬೆಚ್ಚಗಿಡುತ್ತದೆ. ಒತ್ತಿದರೆ ಚಳಿ ಕೆಳಗಿಳಿದು ಕೆಸರು ಹೆಪ್ಪುಗಟ್ಟುತ್ತದೆ. ಆ ಒಂದು ಸುತ್ತು ತಪ್ಪಿಸಿದ ಕ್ಲಬ್ಬಿನವರು ಜನವರಿಯಲ್ಲಿ ಕೆಸರಿನಿಂದ ಗ್ರೂಮರ್ ಎಳೆಯುತ್ತಾ ಕೂರಬೇಕಾಗುತ್ತದೆ.

ಪ್ರಶ್ನೆ: ಹಾದಿ ಒಂದೇ, ಹಿಮ ಒಂದೇ. ನನ್ನ ಗೆಳೆಯನಿಗೆ 10 ಡಾಲರ್, ನನಗೆ 30, ಇಲಿನಾಯ್‌ನಿಂದ ಬರುವ ನನ್ನ ಭಾವನಿಗೆ 50. ಇದ್ಯಾವ ನ್ಯಾಯ?
— ಮ್ಯಾಡಿಸನ್, ವಿಸ್ಕಾನ್ಸಿನ್

ಉತ್ತರ: ನಿಮ್ಮ ಗೆಳೆಯರು ರಾಜ್ಯದ ಒಕ್ಕೂಟಕ್ಕೆ ಸೇರಿದ ಕ್ಲಬ್ಬಿನ ಸದಸ್ಯರಿರಬೇಕು. ಟ್ರೇಲ್ ಪಾಸ್ (ಇಲ್ಲಿನ ಹಾದಿಯ ಪರ್ಮಿಟ್) ಬಂದಾಗಿನಿಂದ ವಿಸ್ಕಾನ್ಸಿನ್ನಿನ ಲೆಕ್ಕಾಚಾರ ಹೀಗೆ: ಕ್ಲಬ್ಬಿನವನು ಚಂದಾ ಮತ್ತು ಮೈಕೆಲಸದ ರೂಪದಲ್ಲಿ ಆಗಲೇ ಕೊಟ್ಟಿದ್ದಾನೆ, ಅವನಿಗೆ 10. ಹೊರರಾಜ್ಯದವನು ಇಲ್ಲಿ ನೋಂದಣಿ ಹಣ ಕಟ್ಟುವುದಿಲ್ಲ, ಅವನಿಗೆ 50. ನಡುವೆ ಸಿಕ್ಕಿದವರು ನೀವು.

ನಿಮ್ಮ ಭಾವನ ಪರವಾಗಿಯೂ ಒಂದು ಮಾತಿದೆ. ಸ್ನೋಮೊಬೈಲಿಗೆ ಹಾಕುವ ಪೆಟ್ರೋಲಿನ ಮೇಲೆ ರಸ್ತೆ ತೆರಿಗೆ ಬೀಳುತ್ತದೆ, ಆದರೆ ಆ ಬಂಡಿ ರಸ್ತೆಯ ಮೇಲೆ ಓಡುವುದೇ ಇಲ್ಲ. ಆ ತೆರಿಗೆಯನ್ನು ಹಾದಿಗೆ ಮರಳಿಸಲು ವಿಸ್ಕಾನ್ಸಿನ್ನಿನಲ್ಲಿ ಒಂದು ಸೂತ್ರವಿದೆ: ನೋಂದಾಯಿತ ಸ್ಲೆಡ್‌ಗಳ ಸಂಖ್ಯೆ, ಗುಣಿಸು 50 ಗ್ಯಾಲನ್, ಗುಣಿಸು ತೆರಿಗೆ ದರ, ಕೊನೆಗೆ ಗುಣಿಸು 1.4. ಗ್ಯಾಲನ್ನಿಗೆ 30.9 ಸೆಂಟ್ ತೆರಿಗೆಯಂತೆ ಒಂದು ಸ್ಲೆಡ್ಡಿಗೆ 21 ಡಾಲರ್ 63 ಸೆಂಟ್. ಕೊನೆಯ ಆ 1.4 ಇರುವುದೇ ಹೊರರಾಜ್ಯದವರು ಇಲ್ಲಿ ಸುಡುವ ಪೆಟ್ರೋಲಿನ ಲೆಕ್ಕಕ್ಕೆ. ಅಂದರೆ ನಿಮ್ಮ ಭಾವ ಪಂಪಿನಲ್ಲೂ ಒಂದಿಷ್ಟು ಕೊಟ್ಟೇ ಬರುತ್ತಾರೆ. ಹೀಗೆ ಕೂಡಿದ ಹಣದಿಂದ ಮೈಲಿಗೆ ಇಷ್ಟು ಎಂಬ ನೆರವು ಜಿಲ್ಲಾಡಳಿತದ ಮೂಲಕ ಕ್ಲಬ್ಬಿಗೆ ಸೇರುತ್ತದೆ. ಬಹುಕಾಲ ಮೈಲಿಗೆ 250 ಡಾಲರ್ ಇದ್ದದ್ದು 300ಕ್ಕೆ ಏರಿತು. ಮೇಲಿನ ಪತ್ರಕ್ಕೆ ಹಾಕಿದ ಲೆಕ್ಕದೊಡನೆ ಇಟ್ಟು ನೋಡಿ: 60 ಮೈಲಿಗೆ 18,000. ಅರ್ಧವೂ ತುಂಬಲಿಲ್ಲ. ಮಿನ್ನೆಸೋಟದಲ್ಲಿ ಸೂತ್ರ ಇನ್ನೂ ಸರಳ: ಪೆಟ್ರೋಲ್ ತೆರಿಗೆಯ ನೂರಕ್ಕೆ ಒಂದು ಪಾಲು ಸ್ನೋಮೊಬೈಲಿನದು ಎಂದು ಕಾನೂನೇ ಹೇಳಿಬಿಟ್ಟಿದೆ.

ಪ್ರಶ್ನೆ: ಮಗಳು ಕೆನಡಾದಲ್ಲಿದ್ದಾಳೆ. ಅಲ್ಲಿ ಈ ಬಂಡಿಗಳು ರೈತರ ಹೊಲದ ಮೇಲೇ ಓಡುತ್ತವಂತೆ. ಹೊಲದವನಿಗೆ ಬಾಡಿಗೆ ಎಷ್ಟು ಸಿಗುತ್ತದೆ?
— ಹಾಸನ

ಉತ್ತರ: ಬಹುತೇಕ ಕಡೆ ಸೊನ್ನೆ. ಇಡೀ ವ್ಯವಸ್ಥೆಯ ಗುಟ್ಟು ಇಲ್ಲೇ ಇದೆ, ನೀವು ಸರಿಯಾದ ಕಡೆಯೇ ಬೆರಳಿಟ್ಟಿದ್ದೀರಿ. ವರ್ಮಾಂಟ್ ರಾಜ್ಯದ ಹಾದಿಗಳಲ್ಲಿ ನೂರಕ್ಕೆ ಸುಮಾರು 80 ಭಾಗ ಖಾಸಗಿ ಜಮೀನು. ಒಂಟಾರಿಯೊದ ದಕ್ಷಿಣ ಭಾಗದಲ್ಲೂ ಹಾದಿಯ ದೊಡ್ಡ ಪಾಲು ರೈತರ ಹೊಲ, ಮರದ ತೋಪುಗಳ ನಡುವೆಯೇ ಹಾಯುತ್ತದೆ. ಪರ್ಮಿಟ್ ಹಣ ಗ್ರೂಮರಿಗೆ, ಸೇತುವೆಗೆ, ವಿಮೆಗೆ ಹೋಗುತ್ತದೆ. ನೆಲ ರೈತ ಬಾಯಿಮಾತಿನಲ್ಲೋ ಒಂದು ಪುಟದ ಒಪ್ಪಿಗೆ ಪತ್ರದಲ್ಲೋ ಕೊಟ್ಟದ್ದು.

ಬಾಡಿಗೆ ಕೊಡದಿರುವುದಕ್ಕೆ ಜಿಪುಣತನವೊಂದೇ ಕಾರಣವಲ್ಲ. ಒಂಟಾರಿಯೊದ ಕಾನೂನಿನಂತೆ, ಗ್ರಾಮೀಣ ಜಮೀನಿಗೆ ಮನರಂಜನೆಗಾಗಿ ಯಾರಾದರೂ ಬಂದಾಗ ಮಾಲೀಕ ಅವರಿಂದ ಹಣ ಪಡೆಯದಿದ್ದರೆ, ಬಂದವನೇ ಅಪಾಯವನ್ನು ಮೈಮೇಲೆ ಹಾಕಿಕೊಂಡಂತೆ. ಮಾಲೀಕ ಬೇಕೆಂದೇ ಕೇಡು ಮಾಡಬಾರದು, ಕಂಡೂ ಕಂಡೂ ಕಡೆಗಣಿಸಬಾರದು, ಅಷ್ಟೇ. ಹಣ ಪಡೆದರೆ ಆ ರಕ್ಷಣೆ ಕೈಬಿಡುತ್ತದೆ, ಹೊಣೆ ಬೆಳೆಯುತ್ತದೆ. ಇದಕ್ಕೆ ಒಂದು ವಿನಾಯಿತಿ ಇದೆ: ಸರ್ಕಾರದಿಂದ ಅಥವಾ ಲಾಭರಹಿತ ಕ್ಲಬ್ಬಿನಿಂದ ಬಂದ ಹಣಕ್ಕೆ ಈ ಮಾತು ತಗಲುವುದಿಲ್ಲ. ಆದರೂ ರೈತರು ಅದರ ಗೋಜಿಗೆ ಹೋಗುವುದು ಕಡಿಮೆ. ಕ್ಲಬ್ಬಿನವರು ವರ್ಷಕ್ಕೊಮ್ಮೆ ಊಟ ಹಾಕಿಸುತ್ತಾರೆ, ಬೇಲಿ ಮುರಿದರೆ ಕಟ್ಟಿಕೊಡುತ್ತಾರೆ.

ರೈತ ಯಾವಾಗ "ಇನ್ನು ಸಾಕು" ಎನ್ನುತ್ತಾನೆ? ಗುರುತಿಗೆ ನೆಟ್ಟ ಕಡ್ಡಿಗಳ ನಡುವಿನ ಹಾದಿಯನ್ನು ಸವಾರ ಬಿಟ್ಟು ಹೊಲದಲ್ಲಿ ಸುತ್ತು ಹೊಡೆದಾಗ. ಹಿಮದಡಿ ಚಳಿಗಾಲದ ಗೋಧಿಯೋ ಕುದುರೆಮಸಾಲೆ ಮೇವೋ ಮಲಗಿರುತ್ತದೆ. ಸಡಿಲ ಹಿಮ ಅದಕ್ಕೆ ಹೊದಿಕೆ. ಸ್ಲೆಡ್ ಒತ್ತಿದರೆ ಹೊದಿಕೆ ಗಟ್ಟಿ ಮಂಜುಗಡ್ಡೆಯಾಗಿ ಚಳಿ ಬೇರಿಗಿಳಿಯುತ್ತದೆ, ವಸಂತದಲ್ಲಿ ಪಟ್ಟೆ ಪಟ್ಟೆಯಾಗಿ ಬೆಳೆ ಸತ್ತಿರುತ್ತದೆ. ಹಾಗೆ ಬೆಳೆ ಕಳೆದುಕೊಂಡವನು ಗೇಟು ಹಾಕಿದರೆ ಕ್ಲಬ್ಬಿನವರು ಸುತ್ತುಹಾದಿ ಹುಡುಕಬೇಕು. ನಡುವೆ ತೊರೆ ಬಂದರೆ ಹೊಸ ಸೇತುವೆ ಬೇಕು. ಎಷ್ಟು ಪರ್ಮಿಟ್ ಮಾರಿದರೂ ಅವನ ಒಪ್ಪಿಗೆಯನ್ನು ಕೊಳ್ಳಲಾಗದು.

ಪ್ರಶ್ನೆ: ನ್ಯೂಯಾರ್ಕಿನಲ್ಲಿ ಸದಸ್ಯರಿಗೆ ನೋಂದಣಿ 45 ಡಾಲರ್, ಉಳಿದವರಿಗೆ 100. ಕ್ಲಬ್ಬಿನ ಸಭೆ, ಊಟ ನನಗೆ ಹಿಡಿಸದು. ರಿಯಾಯಿತಿಗಾಗಿ ಮಾತ್ರ ಸೇರಿದರೆ ತಪ್ಪೇ?
— ಬಫಲೋ

ಉತ್ತರ: ತಪ್ಪಿಲ್ಲ. ವ್ಯತ್ಯಾಸ 55 ಡಾಲರ್. ಕ್ಲಬ್ಬಿನ ಚಂದಾ ಅದಕ್ಕಿಂತ ಕಡಿಮೆ ಇದ್ದರೆ ನಿಮಗೂ ಉಳಿತಾಯ, ಕ್ಲಬ್ಬಿಗೂ ಚಂದಾ. ಕಾನೂನು ಮಾಡಿದವರ ಉದ್ದೇಶವೂ ಅದೇ. ಸೇರುವುದಾದರೆ ನೀವು ನಿಜವಾಗಿ ಓಡಿಸುವ ಹಾದಿಯನ್ನು ನೋಡಿಕೊಳ್ಳುವ ಕ್ಲಬ್ಬಿಗೇ ಸೇರಿ, ಮನೆ ಹತ್ತಿರದ್ದಕ್ಕಲ್ಲ. ನೋಂದಣಿಗೆ ಮೊದಲೇ ಸೇರಿ ಸದಸ್ಯತ್ವದ ಚೀಟಿ ಪಡೆಯಿರಿ. ಪೂರ್ತಿ ಹಣ ಕಟ್ಟಿದ ಮೇಲೆ ಚೀಟಿ ತೋರಿಸಿ ವಾಪಸು ಕೇಳುವ ಪರದಾಟ ಬೇಡ.

ಪ್ರಶ್ನೆ: 2023-24ರ ಚಳಿಗಾಲದಲ್ಲಿ ಹಿಮವೇ ಬೀಳಲಿಲ್ಲ. ಕಟ್ಟಿದ ಹಣ ಹೋಯಿತು. ಅಂಥ ವರ್ಷ ಅರ್ಧವಾದರೂ ಹಿಂದಿರುಗಿಸಬೇಡವೇ?
— ಮಿನಿಯಾಪೊಲಿಸ್

ಉತ್ತರ: ಮಿನ್ನೆಸೋಟದ ದಾಖಲೆಯಲ್ಲೇ ಅತಿ ಬೆಚ್ಚಗಿನ ಚಳಿಗಾಲ ಅದು, ನಿಮ್ಮ ಸಿಟ್ಟು ಸಹಜ. ಆದರೆ ಖರ್ಚಿನ ದೊಡ್ಡ ಭಾಗ ಹಿಮಕ್ಕೆ ಕಾಯುವುದಿಲ್ಲ. ಯಂತ್ರದ ಕಂತು, ವಿಮೆ, ಸೇತುವೆ, ಫಲಕ ಎಲ್ಲ ನವೆಂಬರಿಗೇ ಮುಗಿದಿರುತ್ತದೆ. ಹಿಮವಿಲ್ಲದ ವರ್ಷ ಉಳಿಯುವುದು ಡೀಸೆಲ್ ಮತ್ತು ಚಾಲಕನ ಕೂಲಿ ಮಾತ್ರ. ಆ ಉಳಿಕೆಯನ್ನೂ ಹಂಚಿಬಿಟ್ಟರೆ, ಮುಂದಿನ ಭಾರಿ ಹಿಮದ ವರ್ಷ ವಾರಕ್ಕೆ ಎರಡರ ಬದಲು ನಾಲ್ಕು ಸುತ್ತು ಓಡಿಸಬೇಕಾದಾಗ ಕೈ ಖಾಲಿ. ಒಂಟಾರಿಯೊದಲ್ಲೂ ಹಣ ವಾಪಸಿಲ್ಲ. ಹೊಸಬರಿಗಾಗಿ ಕೆಲವು ದಿನಗಳ ಮಟ್ಟಿನ ಪರ್ಮಿಟ್ ಇರುವ ಕಡೆ ಅದನ್ನೇ ಕೊಳ್ಳಿ. ವರ್ಷಕ್ಕೆ ಒಂದೇ ವಾರ ಓಡಿಸುವವನು ಇಡೀ ಋತುವಿನ ಹಣ ಕಟ್ಟಬೇಕೆನ್ನುವ ಕಡೆ ಮಾತ್ರ ನಿಮ್ಮ ದೂರು ಪೂರ್ತಿ ನ್ಯಾಯ.

ಪ್ರಶ್ನೆ: ನಾವು ಹಣ ಕೊಟ್ಟು ಹದಮಾಡಿದ ಹಾದಿಯಲ್ಲಿ ಸ್ಕೀ ಹಾಕಿದವರು, ದಪ್ಪ ಟೈರಿನ ಸೈಕಲ್ಲಿನವರು ಪುಕ್ಕಟೆ ಹೋಗುತ್ತಾರೆ. ಅವರಿಂದಲೂ ವಸೂಲಿ ಮಾಡಬಾರದೇಕೆ?
— ಆಟವಾ

ಉತ್ತರ: ಮೊದಲು ಆ ತುಂಡು ಯಾರ ಜಮೀನು ಎಂದು ನೋಡಿ. ಖಾಸಗಿ ಹೊಲವಾದರೆ ಮಾಲೀಕ ಒಪ್ಪಿಗೆ ಕೊಟ್ಟಿರುವುದು ಕ್ಲಬ್ಬಿನ ಸ್ನೋಮೊಬೈಲುಗಳಿಗೆ. ನಡೆದುಬಂದವನು ಅಲ್ಲಿ ಅತಿಕ್ರಮಣಕಾರ, ಅವನಿಂದ ಹಣ ಪಡೆದು ಸಕ್ರಮ ಮಾಡುವ ಅಧಿಕಾರ ಕ್ಲಬ್ಬಿಗಿಲ್ಲ. ಹಳೆಯ ರೈಲು ಹಾದಿಯಂಥ ಸಾರ್ವಜನಿಕ ಜಾಗದಲ್ಲಿ ಮಾತ್ರ ಹಂಚಿಕೆಯ ಮಾತು. ಅಂಥ ಕಡೆ ಸೈಕಲ್ಲಿನವರೂ ಸಣ್ಣ ಪಾಸ್ ಕೊಳ್ಳುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಹಣಕ್ಕಿಂತ ಹಾನಿಯ ಪ್ರಶ್ನೆ ದೊಡ್ಡದು: ಟೈರಿನ ಗಾಳಿ 10 ಪೌಂಡಿಗಿಂತ ಕಡಿಮೆ ಇರಬೇಕು. ಗೆರೆ ಒಂದು ಅಂಗುಲಕ್ಕಿಂತ ಆಳ ಬಿದ್ದರೆ ಹಿಮ ಮೆತ್ತಗಾಗಿದೆ ಎಂದರ್ಥ, ಅಲ್ಲಿಂದಲೇ ತಿರುಗಬೇಕು. ಆ ಗೆರೆ ರಾತ್ರಿ ಗಟ್ಟಿಯಾದರೆ ಸ್ಲೆಡ್ಡಿನ ಮುಂಭಾಗದ ಸ್ಕೀ ಅದರಲ್ಲಿ ಸಿಕ್ಕಿ ಎಳೆಯುತ್ತದೆ.

ನೀವು ಬಿಟ್ಟ ಇನ್ನೊಂದು ಪಾರ್ಟಿ ಇದೆ. ಹಾದಿ ಬದಿಯ ಮೋಟೆಲು, ಹೋಟೆಲು, ಪೆಟ್ರೋಲ್ ಬಂಕು. ಹಾದಿ ಮುಚ್ಚಿದ ವಾರ ಅವರ ಗಲ್ಲಾಪೆಟ್ಟಿಗೆಯೂ ಮುಚ್ಚುತ್ತದೆ. ಅವರು ಸಾಮಾನ್ಯವಾಗಿ ನಕ್ಷೆಯಲ್ಲಿ ಒಂದು ಜಾಹೀರಾತು ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಪ್ರಶ್ನೆ: ನಾನು ಸ್ಲೆಡ್ ತೆಗೆಯುವುದು ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಮಾತ್ರ. ಪರ್ಮಿಟ್ ಬೇಕೇ?
— ಡೆಟ್ರಾಯಿಟ್

ಉತ್ತರ: ಮಿಷಿಗನ್ನಿನಲ್ಲಿ ಮೀನುಗಾರಿಕೆಗಾಗಿ ಹೆಪ್ಪುಗಟ್ಟಿದ ನೀರಿನ ಮೇಲಷ್ಟೇ ಓಡಿಸುವುದಕ್ಕೆ ಟ್ರೇಲ್ ಪರ್ಮಿಟ್ ಬೇಡ, ನಿಮ್ಮ ಸ್ವಂತ ಜಮೀನಿನಲ್ಲೂ ಬೇಡ. ಆದರೆ ಕೆರೆ ತಲುಪಲು ಅರ್ಧ ಮೈಲಿ ಸಾರ್ವಜನಿಕ ಹಾದಿಯಲ್ಲಿ ಹೋದರೂ ಬೇಕು. ಟ್ರೇಲರಿನಲ್ಲಿ ದಡದವರೆಗೆ ಒಯ್ದರೆ ಆ ತಂಟೆಯಿಲ್ಲ.

ಪ್ರಶ್ನೆ: ಫಿನ್‌ಲ್ಯಾಂಡಿನಲ್ಲಿ ಕೆಲವು ಹಾದಿಗೆ ಹಣ ಕೇಳುತ್ತಾರೆ, ಕೆಲವಕ್ಕೆ ಇಲ್ಲ. ಏಕೆ?
— ಎಸ್ಪೂ

ಉತ್ತರ: ಅಲ್ಲಿ ಎರಡು ಬಗೆ. "ರೆಯ್ಟ್ಟಿ" ಎಂಬುದು ಅಧಿಕೃತವಾಗಿ ಘೋಷಿಸಿದ ಹಾದಿ, ಸಂಚಾರ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಉಚಿತ. "ಉರಾ" ಎಂಬುದು ಜಮೀನಿನ ಒಡೆಯನ ಒಪ್ಪಿಗೆಯ ಮೇಲೆ ನಿಂತ ಹಾದಿ. ಸರ್ಕಾರಿ ಅರಣ್ಯದ ಉರಾಗಳಿಗೆ ಮೆಟ್ಸಾಹಲ್ಲಿಟುಸ್ ಸಂಸ್ಥೆಯ ಪರ್ಮಿಟ್ ಕೊಳ್ಳಬೇಕು.

ಪ್ರಶ್ನೆ: ಫೆಬ್ರವರಿಯಲ್ಲಿ ತಮ್ಮನ ಕುಟುಂಬ ಬೆಂಗಳೂರಿನಿಂದ ಬರುತ್ತಿದೆ. ಒಂದು ದಿನ ಬಾಡಿಗೆ ಸ್ಲೆಡ್ ಓಡಿಸಬೇಕೆಂಬ ಆಸೆ. ಪರ್ಮಿಟ್ ಅವರ ಹೆಸರಿನಲ್ಲಿ ಬೇಕೇ? ಇನ್ನೇನು ನೋಡಿಕೊಳ್ಳಬೇಕು?
— ಮಿಸ್ಸಿಸಾಗಾ

ಉತ್ತರ: ಪರ್ಮಿಟ್ ಸವಾರನಿಗಲ್ಲ, ಯಂತ್ರಕ್ಕೆ. ಒಂದೇ ಸ್ಲೆಡ್ಡನ್ನು ಸರದಿಯಲ್ಲಿ ಮೂವರು ಓಡಿಸಿದರೂ ಒಂದೇ ಸ್ಟಿಕ್ಕರ್. ಬಾಡಿಗೆ ಅಂಗಡಿಗೆ ಮೊದಲೇ ಫೋನ್ ಮಾಡಿ ಇಷ್ಟು ಕೇಳಿ: ಬಾಡಿಗೆಯಲ್ಲಿ ಪರ್ಮಿಟ್ ಸೇರಿದೆಯೇ, ಮೂರನೆಯವರ ಹೊಣೆಯ ವಿಮೆ ಇದೆಯೇ, ಯಂತ್ರಕ್ಕೆ ಪೆಟ್ಟಾದರೆ ನಾವು ಎಷ್ಟರವರೆಗೆ ತೆರಬೇಕು, ಭಾರತದ ಲೈಸೆನ್ಸ್ ಒಪ್ಪುತ್ತಾರೆಯೇ. ಕೊನೆಯದಕ್ಕೆ ಉತ್ತರ ಅಡ್ಡಾದಿಡ್ಡಿ ಬಂದರೆ ಮಾರ್ಗದರ್ಶಿ ಜೊತೆಗೆ ಬರುವ ಪ್ರವಾಸವನ್ನೇ ಆರಿಸಿ.

ಹೊರಡುವ ಬೆಳಗ್ಗೆ ಒಕ್ಕೂಟದ ಆನ್‌ಲೈನ್ ನಕ್ಷೆ ತೆರೆಯಿರಿ. ಹಸಿರು ಎಂದರೆ ಹಾದಿ ತೆರೆದಿದೆ, ಹಳದಿ ಎಂದರೆ ಹಿಮ ತೆಳುವಿರಬಹುದು, ಜೋಪಾನ, ಕೆಂಪು ಎಂದರೆ ಮುಚ್ಚಿದೆ. ಕೆಂಪು ಹಾದಿಯಲ್ಲಿ ಪರ್ಮಿಟ್ ಇದ್ದರೂ ನೀವು ಅತಿಕ್ರಮಣಕಾರರೇ. ಹೆಲ್ಮೆಟ್ ಕಡ್ಡಾಯ. ಹಾದಿಯಲ್ಲಿ ವೇಗದ ಮಿತಿ ಗಂಟೆಗೆ 50 ಕಿಲೋಮೀಟರ್. ಒಬ್ಬರಿಗಾಗಿ ಮಾಡಿದ ಸೀಟಿನಲ್ಲಿ ಮಗುವನ್ನು ಹಿಂದೆ ಕೂರಿಸಬೇಡಿ, ಇಬ್ಬರ ಸ್ಲೆಡ್ಡನ್ನೇ ಕೇಳಿ ಪಡೆಯಿರಿ.

ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸಿದ ಕೈಗೆ ಒಂದು ಎಚ್ಚರಿಕೆ. ಸ್ನೋಮೊಬೈಲಿನ ಆಕ್ಸಿಲರೇಟರ್ ಬಲಗೈ ಹೆಬ್ಬೆರಳಿನಡಿ ಒತ್ತುವ ಸಣ್ಣ ಲಿವರ್, ತಿರುಚುವ ಹಿಡಿಯಲ್ಲ. ಬ್ರೇಕು ಎಡಗೈಯಲ್ಲಿ. ಗಾಬರಿಯಾದಾಗ ಹಳೆಯ ಅಭ್ಯಾಸದಂತೆ ಬಲಗೈ ಮುಷ್ಟಿ ಬಿಗಿಹಿಡಿದರೆ ಹೆಬ್ಬೆರಳೂ ಒತ್ತುತ್ತದೆ, ಸ್ಲೆಡ್ ನಿಲ್ಲುವ ಬದಲು ಮರದತ್ತ ಹಾರುತ್ತದೆ. ಅಂಗಡಿಯ ಅಂಗಳದಲ್ಲಿ ಹತ್ತು ಸಲ "ಹೆಬ್ಬೆರಳು ಬಿಡು, ಎಡಗೈ ಒತ್ತು" ಮಾಡಿಸಿ ಆಮೇಲೆ ಹಾದಿಗಿಳಿಸಿ. ಬೀಳುವಾಗ ಎಂಜಿನ್ ನಿಲ್ಲಿಸುವ ಸುರುಳಿ ದಾರವಿದ್ದರೆ ಅದನ್ನು ಜಾಕೆಟ್ಟಿಗೆ ಸಿಕ್ಕಿಸಲು ಮರೆಯಬೇಡಿ.

ಪ್ರಶ್ನೆ: ಪರ್ಮಿಟ್ ಸ್ಟಿಕ್ಕರ್ ಅಂಟಿಸಿದ ಎರಡೇ ದಿನಕ್ಕೆ ಕಿತ್ತುಬಂತು. ಜೇಬಿನಲ್ಲಿ ಇಟ್ಟುಕೊಂಡರೆ ನಡೆಯುತ್ತದೆಯೇ?
— ಸಡ್ಬರಿ, ಒಂಟಾರಿಯೊ

ಉತ್ತರ: ನಡೆಯುವುದಿಲ್ಲ. ಯಂತ್ರದ ಮೇಲೆ ಕಾಣುವಂತೆ ಅಂಟಿರಬೇಕು; ಜಾಗ ಎಲ್ಲಿ ಎಂದು ಜೊತೆಗೆ ಬಂದ ಕಾಗದದಲ್ಲಿ ಬರೆದಿರುತ್ತದೆ. ಕಿತ್ತುಬರಲು ಕಾರಣ ಚಳಿ. ಅಂಟು ಸೊನ್ನೆಗಿಂತ ಕೆಳಗೆ ಹಿಡಿಯುವುದಿಲ್ಲ. ಸ್ಲೆಡ್ಡನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ಒಂದು ರಾತ್ರಿ ನಿಲ್ಲಿಸಿ, ಜಾಗವನ್ನು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಮೇಣದ ಪಾಲಿಶ್ ಉಳಿಯದಂತೆ ನೋಡಿ, ಒಣಗಿದ ಮೇಲೆ ನಡುವಿನಿಂದ ಅಂಚಿಗೆ ಒತ್ತುತ್ತಾ ಅಂಟಿಸಿ. ಒಂದು ದಿನ ಹೊರಗೆ ತೆಗೆಯಬೇಡಿ. ಕಿತ್ತುಬಂದದ್ದನ್ನು ಎಸೆಯದೆ, ಕೊಂಡ ರಶೀದಿಯ ಜೊತೆ ಇಟ್ಟು ಬದಲಿ ಸ್ಟಿಕ್ಕರಿಗೆ ಒಕ್ಕೂಟಕ್ಕೆ ಬರೆಯಿರಿ.